ಚುಕ್ಕಾಣಿಯೂ ದ್ರವಬಲವೂ: ಶಿಕಾರಿಪುರ–ಸೊರಬ ಸೀಮೆಯ ವಾಹನಚರಿತ್ರೆಯಲ್ಲಿ ಒಂದು ಪ್ರಕರಣ

ಶಿಕಾರಿಪುರ, ಸೊರಬ ಎಂಬ ಎರಡು ತಾಲ್ಲೂಕುಗಳ ಹೆಸರು ಕಿವಿಗೆ ಬಿದ್ದೊಡನೆ ಇತಿಹಾಸದ ವಿದ್ಯಾರ್ಥಿಯ ಕಣ್ಣಮುಂದೆ ನಿಲ್ಲುವುದು ತಾಳಗುಂದದ ಸ್ತಂಭ, ಬಳ್ಳಿಗಾವಿಯ ದೇವಾಲಯಗಳು, ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಕೋಟೆ. ರೈಸ್ ಅವರು ೧೯೦೨ರಲ್ಲಿಯೂ ೧೯೦೪ರಲ್ಲಿಯೂ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ಈ ತಾಲ್ಲೂಕುಗಳ ಶಾಸನಗಳಿಗೆ ಸಂದಿರುವ ಸ್ಥಳ ಬಹು ದೊಡ್ಡದು. ಇಂತಹ ನೆಲದಲ್ಲಿ ನಿಂತು ಟ್ರ್ಯಾಕ್ಟರಿನ ಸ್ಟಿಯರಿಂಗನ್ನು ಕುರಿತು ಪ್ರಬಂಧ ಬರೆಯಹೊರಡುವುದು ಕೆಲವರಿಗೆ ವಿನೋದವಾಗಿ ತೋರಬಹುದು. ತಾಳಗುಂದದ ಶಾಸನವನ್ನೇ ಮುಂದಿಟ್ಟುಕೊಂಡು ಈ ಆಕ್ಷೇಪಕ್ಕೆ ಸಮಾಧಾನ ಹೇಳಬಯಸುತ್ತೇವೆ. ಕದಂಬ ಕಾಕುಸ್ಥವರ್ಮನು ಅಲ್ಲಿನ ಶಿವಾಲಯದ ಬಳಿ ಕೆರೆಯೊಂದನ್ನು ಕಟ್ಟಿಸಿದನು. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಅದರ ಸ್ಮರಣೆಗಾಗಿ ಶಾಸನವು ರಚಿತವಾಯಿತು. ಕಾವ್ಯವನ್ನು ರಚಿಸಿದ ಕುಬ್ಜನು ತಾನೇ ಅದನ್ನು ಕಲ್ಲಿನ ಮೇಲೆ ಬರೆದನು. ರಾಜನ ಹೆಸರು ಉಳಿಯಿತು, ಕವಿಯ ಹೆಸರು ಉಳಿಯಿತು. ಕೆರೆಯನ್ನು ಅಗೆದವರು ನೆಲದ ಓಟವನ್ನು ಹೇಗೆ ಅಳೆದರು, ಏರಿ ಜಿನುಗಿದಾಗ ಏನು ಮಾಡಿದರು ಎಂಬುದು ಉಳಿಯಲಿಲ್ಲ. ಹದಿನೈದು ಶತಮಾನಗಳ ಹಿಂದಿನ ಆ ಕೊರತೆಯನ್ನು ಈಗ ತುಂಬಲಾಗದು. ನಮ್ಮ ಕಣ್ಣೆದುರಿನ ಕಸಬುಗಳ ವಿಷಯದಲ್ಲಿ ಅದೇ ಕೊರತೆಯನ್ನು ನಾವೇ ಉಂಟುಮಾಡಿದರೆ ಅದಕ್ಕೆ ಕಾಲವನ್ನು ದೂರುವಂತಿಲ್ಲ.

ಇಲ್ಲಿ ಪರಿಶೀಲಿಸಹೊರಟಿರುವುದು ಒಂದೇ ಪ್ರಶ್ನೆ. ವಾಹನವನ್ನು ತಿರುಗಿಸುವ ಬಲ ಎಲ್ಲಿಂದ ಬರುತ್ತದೆ, ತಿರುಗಿಸುವ ಅಂಕೆ ಯಾರಲ್ಲಿರುತ್ತದೆ, ಇವೆರಡೂ ಬೇರ್ಪಟ್ಟಾಗ ಅದನ್ನು ನಡೆಸುವವನ ಮತ್ತು ದುರಸ್ತಿ ಮಾಡುವವನ ಅರಿವಿನಲ್ಲಿ ಏನು ಬದಲಾಗುತ್ತದೆ?

ಮಲೆನಾಡಿನ ಸೆರಗಿನ ಈ ಸೀಮೆಯಲ್ಲಿ ಸರಕು ಬಹುಕಾಲ ಎತ್ತಿನ ಬೆನ್ನಿನ ಮೇಲೆಯೇ ಸಾಗುತ್ತಿತ್ತು. ಬಳ್ಳಿಗಾವಿಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರು ಬರುತ್ತವೆ. ಕನ್ನಡ ಶಾಸನಗಳಲ್ಲಿ ಸರಕಿನ ಎಣಿಕೆಗೆ ಬಳಕೆಯಾಗುವ ‘ಹೇರು’ ಎಂಬ ಮಾತೇ ಹೇರೆತ್ತಿನ ನೆನಪನ್ನು ಹೊತ್ತಿದೆ. ಬಂಡಿ ಇರಲಿಲ್ಲವೆಂದಲ್ಲ; ಬಂಡಿ ಓಡುವ ದಾರಿ ಕಡಮೆಯಿತ್ತು. ಘಟ್ಟದ ಕಡೆಗೆ ಗಾಡಿರಸ್ತೆಗಳು ಕ್ರಮವಾಗಿ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಕಬ್ಬನ್ನರು ಕಮಿಷನರಾಗಿದ್ದ ೧೮೩೪–೧೮೬೧ರ ಅವಧಿಯಿಂದ ಮೊದಲಾಗಿ. ಆಮೇಲೆ ಬಂದ ರೈಲು ಶಿವಮೊಗ್ಗೆಯಿಂದ ಸಾಗರದ ಮಾರ್ಗವಾಗಿ ೧೯೪೦ರ ವೇಳೆಗೆ ತಾಳಗುಪ್ಪವನ್ನು ಮುಟ್ಟಿತಾದರೂ ಶಿಕಾರಿಪುರ, ಸೊರಬಗಳನ್ನು ಬದಿಗೆ ಬಿಟ್ಟೇ ಹೋಯಿತು. ಇಪ್ಪತ್ತನೆಯ ಶತಮಾನದುದ್ದಕ್ಕೂ ಇಲ್ಲಿನ ಭತ್ತ, ಬೆಲ್ಲ, ಅಡಕೆ, ಜನ ಎಲ್ಲವೂ ರಸ್ತೆಯನ್ನೇ ನಂಬಬೇಕಾಯಿತು. ಇಲ್ಲಿ ಸ್ಟಿಯರಿಂಗಿನ ಚರಿತ್ರೆಗೆ ಬೇರೆಡೆಗಿಂತ ಹೆಚ್ಚಿನ ತೂಕ ಬರುವುದು ಈ ಕಾರಣದಿಂದ.

ಎರಡು ಚಕ್ರದ ಎತ್ತಿನ ಗಾಡಿಗೆ ಸ್ಟಿಯರಿಂಗ್ ಎಂಬ ಅಂಗವೇ ಇಲ್ಲ. ನೊಗವು ಮೂಕಿಯನ್ನು ಎತ್ತ ಎಳೆದರೆ ಗಾಡಿ ಅತ್ತ ಹೊರಳುತ್ತದೆ. ಬಲವೂ ಎತ್ತಿನದೇ, ತಿರುಗುವ ಕ್ರಿಯೆಯೂ ಎತ್ತಿನದೇ. ಗಾಡಿ ಹೊಡೆಯುವವನ ಕೈಯಲ್ಲಿರುವುದು ಹಗ್ಗ ಮತ್ತು ಮಾತು. ನಾಲ್ಕು ಚಕ್ರದ ಬಂಡಿಯ ಸಂಗತಿ ಬೇರೆ. ತಿರುವಿನಲ್ಲಿ ಒಳಗಣ ಚಕ್ರಕ್ಕೆ ಸಣ್ಣ ವೃತ್ತ, ಹೊರಗಣದಕ್ಕೆ ದೊಡ್ಡ ವೃತ್ತ. ಮುಂದಿನ ಅಚ್ಚನ್ನೇ ಇಡಿಯಾಗಿ ತಿರುಗಿಸುವ ಬದಲು ಒಂದೊಂದು ಚಕ್ರವನ್ನೂ ಅದರದರ ಕೀಲಿನ ಮೇಲೆ ತಿರುಗಿಸುವ ಉಪಾಯವನ್ನು ಮ್ಯೂನಿಕಿನ ಬಂಡಿ ತಯಾರಕ ಲ್ಯಾಂಕೆನ್‌ಸ್ಪರ್ಗರನು ಕಂಡುಹಿಡಿದನು. ೧೮೧೮ರಲ್ಲಿ ಇಂಗ್ಲೆಂಡಿನಲ್ಲಿ ಅದರ ಹಕ್ಕುಪತ್ರವನ್ನು ಪಡೆದವನು ಅವನ ಪ್ರತಿನಿಧಿಯಾದ ಆಕರ್‌ಮನ್. ಇಂದಿಗೂ ಪಠ್ಯಪುಸ್ತಕಗಳಲ್ಲಿ ಆ ರಚನೆಗಿರುವುದು ಪ್ರತಿನಿಧಿಯ ಹೆಸರು, ಮಾಡಿದವನ ಹೆಸರಲ್ಲ!

೧೮೭೩ನೆಯ ಇಸವಿಯಲ್ಲಿ ಫ್ರಾನ್ಸಿನಲ್ಲಿ ನಡೆದ ಎರಡು ಸಂಗತಿಗಳು ಈ ಚರ್ಚೆಗೆ ಅಗತ್ಯವಾದವು. ಲ ಮಾನ್ ನಗರದ ಅಮೆದೆ ಬೊಲೆ ಎಂಬುವನು ಮುಂದಿನ ಚಕ್ರಗಳು ತಮ್ಮತಮ್ಮ ಕೀಲಿನ ಮೇಲೆ ತಿರುಗುವ ಉಗಿಬಂಡಿಯೊಂದನ್ನು ನಿರ್ಮಿಸಿ ಅದಕ್ಕೆ ‘ವಿಧೇಯೆ’ ಎಂಬ ಅರ್ಥದ ಹೆಸರನ್ನಿಟ್ಟನು. ಅದೇ ವರ್ಷ ಜೋಸೆಫ್ ಫಾರ್ಕೋ ಎಂಬ ಯಂತ್ರಶಿಲ್ಪಿಯು ಹಡಗಿನ ಚುಕ್ಕಾಣಿಯನ್ನು ಉಗಿಯ ಬಲದಿಂದ ತಿರುಗಿಸುವ ಬಗೆಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿ, ಅಂತಹ ಯಂತ್ರವನ್ನು ‘ದಾಸಯಂತ್ರ’ವೆಂದು ಕರೆದನು. ಇಂಗ್ಲೆಂಡಿನಲ್ಲಿ ಮೆಕ್‌ಫರ್ಲೇನ್ ಗ್ರೇ ಎಂಬುವನು ಗ್ರೇಟ್ ಈಸ್ಟರ್ನ್ ಎಂಬ ಮಹಾನೌಕೆಗೆ ಇದೇ ಜಾತಿಯ ಸಾಧನವನ್ನು ೧೮೬೦ರ ದಶಕದಲ್ಲಿಯೇ ಅಳವಡಿಸಿದ್ದನು. ನಾವಿಕನು ಸಣ್ಣ ಚಕ್ರವನ್ನು ಎಷ್ಟು ತಿರುಗಿಸಿದನೋ ಉಗಿಯಂತ್ರವು ಚುಕ್ಕಾಣಿಯನ್ನು ಅಷ್ಟೇ ತಿರುಗಿಸಿ ತಾನಾಗಿ ನಿಲ್ಲಬೇಕು. ಬಲವನ್ನು ಉತ್ಪಾದಿಸುವುದು ಆಗಲೇ ಕಷ್ಟವಾಗಿ ಉಳಿದಿರಲಿಲ್ಲ. ಕೈ ನಿಂತೆಡೆ ಬಲವೂ ನಿಲ್ಲುವಂತೆ ಮಾಡುವುದೇ ಕಷ್ಟವಾಗಿತ್ತು.

ಉಗಿಯ ಸ್ಥಾನಕ್ಕೆ ಎಣ್ಣೆ ಬಂದದ್ದು ಮುಂದಿನ ಹಂತ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬುದನ್ನು ಪಾಸ್ಕಲನು ಹದಿನೇಳನೆಯ ಶತಮಾನದಲ್ಲಿ ನಿರೂಪಿಸಿದನು. ೧೭೯೫ರಲ್ಲಿ ಬ್ರಾಮಾ ಎಂಬುವನು ಆ ತತ್ತ್ವದ ಮೇಲೆ ಒತ್ತುಯಂತ್ರವನ್ನು ಕಟ್ಟಿದನು. ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ಕೆರೆ ತೂಬುಗಳ ನಾಡಾದ ಇಲ್ಲಿ ದ್ರವಬಲದ ಮಾತೆತ್ತಿದರೆ, ಅದು ನಮ್ಮ ಪೂರ್ವಿಕರಿಗೆ ತಿಳಿದೇ ಇತ್ತೆಂದು ವಾದಿಸುವವರು ಸಭೆಗಳಲ್ಲಿ ಸಿಗುತ್ತಾರೆ. ಅದು ಸಲ್ಲದ ವಂಶಾವಳಿ. ಕೆರೆಯ ನೀರು ತೆರೆದ ನೀರು. ಅದು ತನ್ನ ಎತ್ತರದಿಂದ, ತನ್ನ ಭಾರದಿಂದ ಕೆಲಸ ಮಾಡುತ್ತದೆ. ಸ್ಟಿಯರಿಂಗಿನ ಎಣ್ಣೆ ಸೆರೆಯಲ್ಲಿರುವ ಎಣ್ಣೆ. ಅದು ಪಂಪಿನ ಒತ್ತಡವನ್ನು ಇನ್ನೊಂದೆಡೆಗೆ ಮುಟ್ಟಿಸುತ್ತದೆ. ತೂಬನ್ನು ಕಟ್ಟಿದವರ ಜಾಣ್ಮೆ ಸ್ವತಃ ದೊಡ್ಡದು. ಅದನ್ನು ಮೆಚ್ಚುವುದಕ್ಕೆ ಇಲ್ಲದ ಸಂಬಂಧವನ್ನು ಹೊಸೆಯಬೇಕಿಲ್ಲ.

ಮೋಟಾರು ವಾಹನಕ್ಕೆ ಈ ಬಲವನ್ನು ಕೂಡಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಫ್ರಾನ್ಸಿಸ್ ಡೇವಿಸ್. ಪಿಯರ್ಸ್–ಆ್ಯರೋ ಸಂಸ್ಥೆಯ ಲಾರಿ ವಿಭಾಗದಲ್ಲಿದ್ದಾಗ ಭಾರವಾದ ಗಾಡಿಗಳನ್ನು ತಿರುಗಿಸುವವರ ಪಾಡನ್ನು ಕಂಡಿದ್ದ ಆತ, ೧೯೨೬ರಲ್ಲಿ ತನ್ನ ಸಾಧನವನ್ನು ಅಳವಡಿಸಿದ ಕಾರನ್ನು ಓಡಿಸಿ ತೋರಿಸಿದನು. ದುಬಾರಿಯೆಂಬ ಕಾರಣದಿಂದ ತಯಾರಕರು ಹಿಂದೆಗೆದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಭಾರಿ ವಾಹನಗಳಿಗೆ ಅದು ಬೇಕಾಯಿತು. ೧೯೫೧ರಲ್ಲಿ ಕ್ರೈಸ್ಲರ್ ಸಂಸ್ಥೆಯು ಇಂಪೀರಿಯಲ್ ಎಂಬ ಕಾರಿನೊಡನೆ ಅದನ್ನು ಮಾರುಕಟ್ಟೆಗೆ ತಂದಿತು.

ಮೈಸೂರು ಸರ್ಕಾರದ ರಸ್ತೆಸಾರಿಗೆ ಇಲಾಖೆಯು ೧೨೦ ಬಸ್ಸುಗಳೊಡನೆ ಕೆಲಸವನ್ನಾರಂಭಿಸಿದ್ದು ೧೯೪೮ರ ಸೆಪ್ಟೆಂಬರ್ ೧೨ರಂದು. ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ಆ ತಲೆಮಾರಿನ ಬಸ್ಸು ಲಾರಿಗಳಲ್ಲಿ ತಿರುಗಿಸುವ ಬಲವೆಲ್ಲ ಚಾಲಕನ ತೋಳಿನದು. ಸ್ಟಿಯರಿಂಗ್ ಚಕ್ರದ ಅಗಲವೂ ಗೇರುಪೆಟ್ಟಿಗೆಯ ಹಲ್ಲುಗಳ ಲೆಕ್ಕವೂ ಅವನಿಗೆ ಕೊಂಚ ನೆರವಾಗುತ್ತಿದ್ದವು, ಅಷ್ಟೆ. ಸೊರಬದಿಂದ ಚಂದ್ರಗುತ್ತಿಗೆ ಹೋಗುವ ತಿರುವುಗಳಲ್ಲಿ ಮಳೆಗಾಲದಲ್ಲಿ ತುಂಬಿದ ಬಸ್ಸನ್ನು ನಡೆಸಿದ ಹಿರಿಯ ಚಾಲಕರು ತಮ್ಮ ಹೆಗಲನ್ನು ಮುಟ್ಟಿ ತೋರಿಸಿಯೇ ಮಾತನಾಡುತ್ತಾರೆ. ಆ ಭಾರದಲ್ಲಿ ಒಂದು ಉಪಕಾರವೂ ಇತ್ತು. ಕಿಂಗ್‌ಪಿನ್ನು ಒಣಗಿದರೆ ಕೈಗೆ ಗೊತ್ತಾಗುತ್ತಿತ್ತು. ಟೈರಿನ ಗಾಳಿ ಇಳಿದರೆ ಕೈಗೆ ಗೊತ್ತಾಗುತ್ತಿತ್ತು. ವಾಹನದ ಕಾಯಿಲೆಯನ್ನು ಮೊದಲು ಓದುತ್ತಿದ್ದುದು ಅಂಗೈ.

ಬಸ್ಸಿಗಿಂತಲೂ ಟ್ರ್ಯಾಕ್ಟರಿನ ಸಂಗತಿ ನಮಗೆ ಹೆಚ್ಚು ಪ್ರಯೋಜನಕರವಾಗಿದೆ. ಐಷರ್ ೧೯೫೯ರಲ್ಲಿಯೂ ಟಾಫೆ ೧೯೬೦ರಲ್ಲಿಯೂ ಭಾರತದಲ್ಲಿ ಟ್ರ್ಯಾಕ್ಟರಿನ ಉದ್ಯಮಕ್ಕೆ ತೊಡಗಿದ ಬಳಿಕ, ದಶಕಗಳ ಕಾಲ ಹಳ್ಳಿಗಳಿಗೆ ಬಂದ ಟ್ರ್ಯಾಕ್ಟರುಗಳಲ್ಲಿ ಬಹುಪಾಲಿಗೆ ಕೈಬಲದ ಸ್ಟಿಯರಿಂಗೇ ಇದ್ದಿತು. ಗದ್ದೆಯಲ್ಲಿ ಕೇಜುಚಕ್ರ ಕಟ್ಟಿ ಕೆಸರು ಮಾಡುವಾಗ ಮುಂಚಕ್ರಗಳು ಹೂತುಕೊಳ್ಳುತ್ತವೆ. ಪ್ರತಿ ಬದುವಿನ ಬಳಿ ಹೊರಳಿಸಬೇಕು. ಮೂತಿಗೆ ಮಣ್ಣೆತ್ತುವ ಲೋಡರನ್ನು ಕಟ್ಟಿದರಂತೂ ಹೇಳುವುದೇ ಬೇಡ. ಹೀಗಾಗಿ ಎಂಜಿನ್ನು ಗಟ್ಟಿಯಾಗಿರುವ ಹಳೆಯ ಟ್ರ್ಯಾಕ್ಟರಿಗೆ ಪವರ್ ಸ್ಟಿಯರಿಂಗನ್ನು ಹೊಸದಾಗಿ ಕೂಡಿಸಿಕೊಳ್ಳುವ ರೂಢಿ ಬೆಳೆಯಿತು. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬಗಳ ಕಾರ್ಯಾಗಾರಗಳಲ್ಲಿ ಕುಳಿತು ನಾವು ನೋಡಿ ಬರೆದುಕೊಂಡದ್ದರ ಸಾರವನ್ನು ಮುಂದೆ ಕೊಟ್ಟಿದೆ.

ಕಾರು ಬಸ್ಸುಗಳ ದ್ರವಬಲದ ಸ್ಟಿಯರಿಂಗಿನಲ್ಲಿ ಕೈಗೂ ಚಕ್ರಕ್ಕೂ ನಡುವೆ ಉಕ್ಕಿನ ಸಂಬಂಧ ಉಳಿದೇ ಇರುತ್ತದೆ. ಎಣ್ಣೆ ಸಹಾಯಕ ಮಾತ್ರ. ಈ ಟ್ರ್ಯಾಕ್ಟರುಗಳಲ್ಲಿ ಆ ಸಂಬಂಧವನ್ನೇ ಕಳಚಿಹಾಕುತ್ತಾರೆ. ಸ್ಟಿಯರಿಂಗ್ ಕಂಬದ ಬುಡಕ್ಕೆ ‘ಆರ್ಬಿಟ್’ ಎಂದು ಕರೆಯುವ ಗುಂಡನೆಯ ಅಂಗವನ್ನು ಕೂರಿಸುತ್ತಾರೆ. ಅದರೊಳಗೆ ನಕ್ಷತ್ರಾಕಾರದ ಹಲ್ಲುಚಕ್ರವೊಂದು ಹೊರಬಳೆಯ ಒಳಗೆ ಸುತ್ತುಬರುತ್ತ, ಕೈ ತಿರುಗಿಸಿದಷ್ಟೇ ಎಣ್ಣೆಯನ್ನು ಅಳೆದು ಕಳುಹಿಸುತ್ತದೆ. ಎಂಜಿನ್ನಿನಿಂದ ನಡೆಯುವ ಪಂಪು, ಎಣ್ಣೆಯ ಟ್ಯಾಂಕಿ, ಶೋಧಕ, ಮುಂದಿನ ಅಚ್ಚಿಗೆ ಅಡ್ಡವಾಗಿ ಬಿಗಿದ ಸಿಲಿಂಡರು ಉಳಿದ ಅಂಗಗಳು. ಆರ್ಬಿಟ್ಟಿಗೆ ನಾಲ್ಕು ಪೈಪು: ಪಂಪಿನಿಂದ ಬರುವುದೊಂದು, ಟ್ಯಾಂಕಿಗೆ ಮರಳುವುದೊಂದು, ಸಿಲಿಂಡರಿನ ಎರಡು ತುದಿಗಳಿಗೆ ಒಂದೊಂದು. ಕೊನೆಯ ಎರಡು ಅದಲುಬದಲಾದರೆ ಎಡಕ್ಕೆ ತಿರುಗಿಸಿದ ಟ್ರ್ಯಾಕ್ಟರು ಬಲಕ್ಕೆ ಹೊರಳುತ್ತದೆ! ಆದ್ದರಿಂದ ಜಾಕಿಯಿಂದ ಇಳಿಸುವ ಮೊದಲೇ ದಿಕ್ಕನ್ನು ನೋಡಿಕೊಳ್ಳುವುದು ಒಳ್ಳೆಯ ಮೇಸ್ತ್ರಿಯ ಲಕ್ಷಣ.

ನಾವು ಕಂಡ ಅತ್ಯಂತ ನುರಿತ ಮೇಸ್ತ್ರಿಯು ಹೊಸ ಸಾಮಾನಿನ ಪೆಟ್ಟಿಗೆಯನ್ನು ಅರ್ಧ ದಿನ ತೆರೆಯಲೇ ಇಲ್ಲ. ಮೊದಲು ಮುಂಚಕ್ರಗಳನ್ನು ನೆಲದಿಂದೆತ್ತಿ ಕಿಂಗ್‌ಪಿನ್ನು, ಟೈರಾಡಿನ ಕೀಲುಗಳ ಸಡಿಲವನ್ನು ಅಲುಗಿಸಿ ನೋಡಿದನು. ಸವೆದ ಕೀಲಿನ ಮೇಲೆ ಎಣ್ಣೆಯ ಬಲವನ್ನು ಹೇರಿದರೆ ಆ ಸವೆತವು ಮರೆಯಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ ಎಂಬುದು ಅವನ ನಿಲುವು. ಬಳಿಕ ಪಂಪನ್ನು ಕೂರಿಸಿ, ಬೆಲ್ಟಿನ ಎರಡು ಗಾಲಿಗಳೂ ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಿದನು. ಪೈಪುಗಳ ಬಾಯನ್ನು ಕೊನೆಯ ಗಳಿಗೆಯವರೆಗೂ ಬಟ್ಟೆಯಿಂದ ಮುಚ್ಚಿಟ್ಟಿದ್ದನು. ಆರ್ಬಿಟ್ಟಿನ ಒಳಗಿನ ಸಂದು ಕೂದಲೆಳೆಗಿಂತ ಕಿರಿದು, ಒಂದು ಮರಳಿನ ಕಣ ಸಾಕು ಅದನ್ನು ಕೆಡಿಸಲು. ಎಣ್ಣೆ ತುಂಬಿದ ಮೇಲೆ ಎಂಜಿನ್ನನ್ನು ಮೆಲ್ಲಗೆ ನಡೆಸುತ್ತ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ಹಲವು ಬಾರಿ ತಿರುಗಿಸಿ, ಟ್ಯಾಂಕಿಯಲ್ಲಿ ಗುಳ್ಳೆ ನಿಲ್ಲುವವರೆಗೂ ಕಾದನು; ಇಳಿದಷ್ಟು ಎಣ್ಣೆಯನ್ನು ಮತ್ತೆ ಹಾಕಿದನು. ಇದನ್ನು ‘ಏರ್ ತೆಗೆಯುವುದು’ ಎನ್ನುತ್ತಾರೆ. ಗಾಳಿ ಅಮುಕಿದರೆ ಅಮುಕಿಕೊಳ್ಳುತ್ತದೆ, ಎಣ್ಣೆ ಅಮುಕಿಕೊಳ್ಳುವುದಿಲ್ಲ. ಪೈಪಿನಲ್ಲಿ ಗಾಳಿ ಉಳಿದರೆ ಕೈಯ ಅಪ್ಪಣೆ ಚಕ್ರಕ್ಕೆ ಸರಿಯಾಗಿ ಮುಟ್ಟದು.

ಈ ಕೂಡಿಕೆಯಿಂದ ಹುಟ್ಟಿದ ಒಂದು ದೂರು ಎರಡೂ ತಾಲ್ಲೂಕುಗಳಲ್ಲಿ ಕಿವಿಗೆ ಬಿತ್ತು: ಒಂದು ಕಡೆಗೆ ತಿರುಗಿಸಲು ಸುತ್ತು ಕಡಮೆ, ಇನ್ನೊಂದು ಕಡೆಗೆ ಹೆಚ್ಚು. ಅನೇಕರು ಇದನ್ನು ಸಾಮಾನಿನ ದೋಷವೆಂದು ಭಾವಿಸಿ ಆರ್ಬಿಟ್ಟನ್ನೇ ಬದಲಾಯಿಸಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಕಾರಣ ಸ್ಪಷ್ಟವಾಗುತ್ತದೆ. ಸಿಲಿಂಡರಿನ ಒಳವ್ಯಾಸ ೫ ಸೆಂಟಿಮೀಟರಿದ್ದರೆ ಅದರ ಕೊಂತದ ಮುಖ ಸುಮಾರು ೧೯.೬ ಚದರ ಸೆಂಟಿಮೀಟರು. ಒಂದೇ ಬದಿಗೆ ಹೊರಚಾಚಿದ ಸರಳು ೨.೫ ಸೆಂಟಿಮೀಟರು ದಪ್ಪವಿದ್ದರೆ ಆ ಬದಿಯಲ್ಲಿ ಎಣ್ಣೆಗೆ ದೊರೆಯುವ ಮುಖ ೧೪.೭ ಮಾತ್ರ. ಚದರ ಸೆಂಟಿಮೀಟರಿಗೆ ೧೦೦ ಕಿಲೋಗ್ರಾಂ ಒತ್ತಡದಲ್ಲಿ ಒಂದು ಕಡೆಗೆ ೧೯೬೦ ಕಿಲೋಗ್ರಾಮಿನ ಬಲ, ಇನ್ನೊಂದು ಕಡೆಗೆ ೧೪೭೦. ತುಂಬಬೇಕಾದ ಎಣ್ಣೆಯೂ ಅದೇ ಪ್ರಮಾಣದಲ್ಲಿ ಬೇರೆಯಾಗುವುದರಿಂದ ಅಲ್ಲಿ ನಾಲ್ಕು ಸುತ್ತಾದರೆ ಇಲ್ಲಿ ಮೂರೇ ಸುತ್ತು. ಸರಳು ಎರಡೂ ಬದಿಗೆ ಸಮನಾಗಿ ಚಾಚಿದ ಸಿಲಿಂಡರಿನಲ್ಲಿ ಈ ಭೇದವಿರುವುದಿಲ್ಲ.

ದೋಷಗಳ ವಿಚಾರಕ್ಕೆ ಬಂದರೆ, ಎರಡು ಕಡೆಗೂ ಭಾರವಾದರೆ ಸಾಮಾನ್ಯವಾಗಿ ಬಲದ ಕಡೆಯ ದೋಷ: ಎಣ್ಣೆ ಇಳಿದಿರಬಹುದು, ಬೆಲ್ಟು ಜಾರುತ್ತಿರಬಹುದು, ಶೋಧಕ ಕಟ್ಟಿರಬಹುದು, ಪಂಪು ಸವೆದಿರಬಹುದು. ಬಿಟ್ಟ ಕೈಗೆ ಚಕ್ರ ತಾನಾಗಿ ಸರಿದರೆ, ತಿರುಗಿಸಿದಷ್ಟು ತಿರುಗದಿದ್ದರೆ ಅಂಕೆಯ ಕಡೆಯ ದೋಷ: ಆರ್ಬಿಟ್ಟಿನ ಒಳಸವೆತ ಅಥವಾ ಸಿಲಿಂಡರಿನ ಸೀಲು. ರಸ್ತೆಯಲ್ಲಿ ಅತ್ತಿತ್ತ ಎಳೆದಾಡಿದರೆ ಎಣ್ಣೆಯನ್ನು ದೂರುವ ಮೊದಲು ಕೀಲುಗಳನ್ನು ನೋಡಬೇಕು. ಕೊನೆಯವರೆಗೂ ತಿರುಗಿಸಿ ಹಿಡಿದಾಗ ಕೇಳುವ ಕರ್ಕಶಧ್ವನಿ ದೋಷವಲ್ಲ. ಮಿತಿಮೀರಿದ ಒತ್ತಡವನ್ನು ಬಿಟ್ಟುಕೊಡುವ ವಾಲ್ವಿನ ಸದ್ದು ಅದು. ಇನ್ನಷ್ಟು ಹಗುರವಾಗಲೆಂದು ಆ ವಾಲ್ವನ್ನು ಬಿಗಿಸುವಂತೆ ಒತ್ತಾಯಿಸುವ ಮಾಲೀಕರಿದ್ದಾರೆ. ಅದರ ಫಲವಾಗಿ ಬಾಗಿದ ಟೈರಾಡುಗಳನ್ನು ನಾವೇ ಕಂಡಿದ್ದೇವೆ. ಒತ್ತಡದ ಪೈಪಿನಲ್ಲಿ ಸೂಜಿಮೊನೆಯಷ್ಟು ರಂಧ್ರವಾಗಿದ್ದರೆ ಅದನ್ನು ಬೆರಳಿನಿಂದ ತಡಕಿ ಹುಡುಕುವುದು ಅಪಾಯಕರ. ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಹಾಗೊಮ್ಮೆ ಚುಚ್ಚಿದರೆ ನೋವಿಲ್ಲವೆಂದು ಸುಮ್ಮನಿರದೆ ಆಸ್ಪತ್ರೆಗೆ ಧಾವಿಸಬೇಕು.

ನಮ್ಮ ಸ್ವಂತ ಅನುಭವವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಶಾಸನಗಳ ಅಚ್ಚು ತೆಗೆಯಲು ವಿದ್ಯಾರ್ಥಿಗಳೊಡನೆ ಕುಬಟೂರಿಗೆ ಹೊರಟಿದ್ದಾಗ ಬಾಡಿಗೆಯ ಜೀಪಿನ ಪವರ್ ಸ್ಟಿಯರಿಂಗು ಮೂರು ದಿನಗಳಿಂದ ನರಳುತ್ತಿತ್ತು. ದೊಡ್ಡ ಊರಿನ ಕಾರ್ಯಾಗಾರವೊಂದರಲ್ಲಿ ಪಂಪನ್ನು ಬದಲಾಯಿಸಿ ದೊಡ್ಡ ಮೊತ್ತವನ್ನೇ ಪಡೆದಿದ್ದರು, ನರಳಿಕೆ ನಿಂತಿರಲಿಲ್ಲ. ಆನವಟ್ಟಿಯಲ್ಲಿ ಒಬ್ಬ ತರುಣ ಮೇಸ್ತ್ರಿಯು ಟ್ಯಾಂಕಿಯ ಮುಚ್ಚಳ ತೆಗೆದು ನೋಡಿದನು. ಎಣ್ಣೆ ಮಜ್ಜಿಗೆಯಂತೆ ನೊರೆಗಟ್ಟಿತ್ತು. ಎಲ್ಲಿಯೂ ಒಂದು ಹನಿಯೂ ಸೋರಿರಲಿಲ್ಲ. ಟ್ಯಾಂಕಿಯಿಂದ ಪಂಪಿಗೆ ಹೋಗುವ ರಬ್ಬರು ಪೈಪಿನ ಬಿಗಿಪಟ್ಟಿ ಸಡಿಲವಾಗಿತ್ತು. ಅಲ್ಲಿ ಪಂಪು ಎಣ್ಣೆಯನ್ನು ಹೀರುತ್ತದೆ. ಆದುದರಿಂದ ಎಣ್ಣೆ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಹೊರಕ್ಕೆ ಕಾಣುವ ಸೋರಿಕೆಯನ್ನೇ ಹುಡುಕಿದವರಿಗೆ ಇದು ಸಿಕ್ಕಿರಲಿಲ್ಲ. ಪಟ್ಟಿಯನ್ನು ಬಿಗಿದು, ಗಾಳಿ ಹೋಗುವವರೆಗೂ ಚಕ್ರವನ್ನಾಡಿಸಿ, ಆತ ಕೇಳಿದ ಕೂಲಿ ನಾವು ದಾರಿಯಲ್ಲಿ ಚಹಾಕ್ಕೆ ತೆತ್ತದ್ದಕ್ಕಿಂತ ಹೆಚ್ಚಿರಲಿಲ್ಲ.

ಆ ತರುಣನು ಜೀಪಿನ ಚಕ್ರವನ್ನು ಹಿಡಿದು ನೋಡುವ ಮೊದಲೇ ದೋಷವನ್ನು ಊಹಿಸಿದ್ದನು. ಎಂಜಿನ್ನು ನಡೆಯುತ್ತಿರುವಾಗ ಸ್ವಲ್ಪ ಹೊತ್ತು ತಲೆಬಾಗಿ ನಿಂತು ಕೇಳಿದ್ದನು. ಹಿಂದೆ ಅಂಗೈ ಓದುತ್ತಿದ್ದುದನ್ನು ಈಗ ಕಿವಿ ಓದಬೇಕಾಗಿದೆ. ಎಣ್ಣೆಯ ಬಲವು ಭಾರವನ್ನು ಹೊತ್ತುಕೊಂಡಿತು. ಅದರೊಡನೆಯೇ ಭಾರವು ತರುತ್ತಿದ್ದ ಸುದ್ದಿಯನ್ನೂ ತಡೆಯಿತು. ಹೊಸ ಸುದ್ದಿ ಬರುವುದು ಪಂಪಿನ ನರಳಿಕೆಯಿಂದ, ನೊರೆಯಿಂದ, ಎಣ್ಣೆಯ ಸುಟ್ಟ ವಾಸನೆಯಿಂದ. ಅದನ್ನು ಓದುವವನು ಚಾಲಕನಲ್ಲ, ಮೇಸ್ತ್ರಿ. ಹಗುರವಾದ ಸ್ಟಿಯರಿಂಗಿನಲ್ಲಿ ಕಲಿತ ಚಾಲಕನಿಗೆ ಕೀಲು ಸವೆದದ್ದು ಬಹಳ ತಡವಾಗಿ ತಿಳಿಯುತ್ತದೆಂಬುದು ಈ ಬದಲಾವಣೆಯ ಇನ್ನೊಂದು ಮುಖ. ಭತ್ತದ ಲೋಡಿನ ಟ್ರೇಲರನ್ನು ಎಳೆಯುತ್ತ ರಾತ್ರಿಯ ರಸ್ತೆಯಲ್ಲಿ ಬರುವ ಟ್ರ್ಯಾಕ್ಟರಿನ ವಿಷಯದಲ್ಲಿ ಇದು ಬರಿಯ ಪಂಡಿತಚರ್ಚೆಯಲ್ಲ.

ಇಷ್ಟರಲ್ಲಿಯೇ ಈ ಕಸಬಿನ ಒಂದು ಭಾಗ ಹಳತಾಗುತ್ತಿದೆ. ೧೯೮೮ರಲ್ಲಿ ಜಪಾನಿನ ಸುಜುಕಿ ಸಂಸ್ಥೆಯು ತನ್ನ ಸಣ್ಣ ಕಾರೊಂದಕ್ಕೆ ವಿದ್ಯುತ್ತಿನಿಂದ ನಡೆಯುವ ಪವರ್ ಸ್ಟಿಯರಿಂಗನ್ನು ಅಳವಡಿಸಿತು. ಅಲ್ಲಿಂದೀಚೆಗೆ ಸಣ್ಣ ಕಾರುಗಳಲ್ಲಿ ಎಣ್ಣೆಯ ಪಂಪು ಬಹುಮಟ್ಟಿಗೆ ಮಾಯವಾಗಿದೆ. ಲಾರಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ಉಳಿದಿದೆ. ಕಂಪನಿಗಳ ಕೈಪಿಡಿಗಳು ಎಲ್ಲಿಯಾದರೂ ಸಿಕ್ಕಾವು. ಹಳೆಯ ಟ್ರ್ಯಾಕ್ಟರಿಗೆ ಹೊಸ ಸಾಮಾನನ್ನು ಹೊಂದಿಸಲು ಇಲ್ಲಿನ ಮೇಸ್ತ್ರಿಗಳೂ ಲೇತಿನವರೂ ಕೂಡಿ ಕಂಡುಕೊಂಡ ಉಪಾಯಗಳು ಯಾವ ಕೈಪಿಡಿಯಲ್ಲಿಯೂ ಇಲ್ಲ.

ನಮಗೆ ದೊರೆತ ಲಿಖಿತ ಆಧಾರ ಒಂದೇ ಒಂದು. ಶಿರಾಳಕೊಪ್ಪದ ಕಾರ್ಯಾಗಾರವೊಂದರ ಒಳಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ವೃತ್ತವಿದೆ. ಅದರ ಸುತ್ತ ನಾಲ್ಕು ಕಡೆ ‘ಪಂ’, ‘ಟ್ಯಾ’, ‘ಎ’, ‘ಬ’ ಎಂಬ ಅಕ್ಷರಗಳಿವೆ: ಆರ್ಬಿಟ್ಟಿನ ನಾಲ್ಕು ಬಾಯಿಗಳು. ಕೆಳಗೆ ಬೇರೆಬೇರೆ ಟ್ರ್ಯಾಕ್ಟರುಗಳಿಗೆ ಬೇಕಾದ ಪೈಪಿನ ಉದ್ದಗಳನ್ನು ಗೇಣು, ಬೆರಳುಗಳ ಲೆಕ್ಕದಲ್ಲಿ ಕೊಟ್ಟಿದೆ. ಎರಡು ಕಡೆ ಅಂಕಿಯನ್ನು ಹೊಡೆದುಹಾಕಿ ತಿದ್ದಿದೆ. ತಿದ್ದುಪಡಿಗಳ ಸಹಿತ ಅದನ್ನು ಪ್ರತಿ ಮಾಡಿಕೊಂಡಿದ್ದೇವೆ. ಬರುವ ದೀಪಾವಳಿಗೆ ಆ ಗೋಡೆಗೆ ಸುಣ್ಣ ಬಳಿಸುವರೆಂದು ತಿಳಿದುಬಂದಿತು.